ಹೋಗಿ ನೋಡಿದ್ದು ಯಾರು?

ಭಾಗ 1: ತಟಸ್ಥ

ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಗೂಗಲ್ ಫಾರ್ಮ್ ಬಂದಿತ್ತು, ನೆನಪುಂಟಾ? "ಪತ್ರಿಕೋದ್ಯಮದಲ್ಲಿ ಎಐ: ಪದವಿ ವಿದ್ಯಾರ್ಥಿಗಳ ಅಭಿಪ್ರಾಯ." ಯಾರೋ ಎಂಎ ಮಾಡುವವರ ಪ್ರಾಜೆಕ್ಟು. "ಎಲ್ಲರೂ ತುಂಬಿಸಿ, ಎರಡೇ ನಿಮಿಷ" ಅಂತ ಲೆಕ್ಚರರ್ ಮೆಸೇಜ್ ಹಾಕಿದ್ರು. ನಾವೂ ನಿಜವಾಗಿ ಎರಡೇ ನಿಮಿಷದಲ್ಲಿ ತುಂಬಿಸಿದೆವು. ಸಂಜೆ ಕಡಬ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್.

"ಎಐ ಬಂದರೆ ಸುದ್ದಿ ಬೇಗ ಸಿಗುತ್ತದೆ." ಒಪ್ಪುತ್ತೇನೆ. "ಎಐ ಪಕ್ಷಪಾತ ಮಾಡುವುದಿಲ್ಲ." ಒಪ್ಪುತ್ತೇನೆ. "ಮುಂದೆ ವರದಿಗಾರರ ಅಗತ್ಯ ಇರುವುದಿಲ್ಲ." ಇದಕ್ಕೂ ನನ್ನ ಸುತ್ತ ನಿಂತವರು ಒಪ್ಪುತ್ತೇನೆ ಅಂತಲೇ ಒತ್ತಿದ್ರು. ಕೊನೆಗೆ "ನಿಮ್ಮ ಅಭಿಪ್ರಾಯವನ್ನು 50 ಪದಗಳಲ್ಲಿ ಬರೆಯಿರಿ" ಅಂತ ಒಂದು ಬಾಕ್ಸ್ ಇತ್ತು. ಎದುರಿನ ಸೀಟಿನವನು ಅದನ್ನು ಎಐ ಹತ್ತಿರವೇ ಬರೆಸಿ ಪೇಸ್ಟ್ ಮಾಡಿದ. ಎಐ ಬಗ್ಗೆ ನಮ್ಮ ಅಭಿಪ್ರಾಯ ಎಂತ ಅಂತ ಎಐಯೇ ಹೇಳಿಕೊಟ್ಟಿತು. ಎಲ್ಲರೂ ನಗಾಡಿದೆವು. ನಾನೂ ನಗಾಡಿದೆ.

ವರದಿಗಾರರ ಪ್ರಶ್ನೆಗೆ ನಾನು ಒತ್ತಿದ್ದು "ತಟಸ್ಥ". ಬಸ್ಸು ಆಲಂಕಾರು ದಾಟುವಾಗ ಸಬ್ಮಿಟ್ ಆಯ್ತು. ಮನೆಗೆ ಹೋದ ಮೇಲೆ ಅದು ಸುಳ್ಳು ಅಂತ ಅನ್ನಿಸಲಿಕ್ಕೆ ಶುರುವಾಯ್ತು. ಯಾಕಂದ್ರೆ ಈ ವಿಷಯದಲ್ಲಿ ತಟಸ್ಥ ಆಗಿರುವ ಹಕ್ಕು ನನಗಿಲ್ಲ. ಯಾಕೆ ಇಲ್ಲ ಅಂತ ಮುಂದಿನ ಭಾಗದಲ್ಲಿ ಹೇಳ್ತೇನೆ. ಸಬ್ಮಿಟ್ ಆದ ಫಾರ್ಮನ್ನು ತಿದ್ದಲಿಕ್ಕೆ ಆಗುದಿಲ್ಲ, ಹಾಗಾಗಿ ಇಲ್ಲಿ ಬರೀತಾ ಇದ್ದೇನೆ. ಒಟ್ಟು ಎಂಟು ಭಾಗ. ರೀಲ್ಸ್ ನೋಡುವಷ್ಟು ಹೊತ್ತು ಸಾಕು, ಓದಿ ಮಾರಾಯ್ರೆ.

ಭಾಗ 2: ಕಂಪ್ಯೂಟರ್ ಆನೆ

ಮಳೆಗಾಲದಲ್ಲಿ ಒಂದು ರಾತ್ರಿ ನನಗೆ ಒಂದು ಫೋಟೋ ಬಂತು. ನಮ್ಮ ಊರಿನ ಕಡೆಯ ರಸ್ತೆ, ಮಂಜು, ನಡುವಿನಲ್ಲಿ ಒಂಟಿ ಸಲಗ. ಕೆಳಗೆ ಪೇಪರಿನ ಭಾಷೆಯಲ್ಲಿ ನಾಲ್ಕು ಸಾಲು: "ಸಾರ್ವಜನಿಕರು ಎಚ್ಚರಿಕೆ ವಹಿಸಬೇಕಾಗಿ ಕೋರಲಾಗಿದೆ." ನಾನು ಹಿಂದೆ ಮುಂದೆ ನೋಡದೆ ಸ್ಟೋರಿ ಹಾಕಿದೆ. ಫ್ಯಾಮಿಲಿ ಗ್ರೂಪಿಗೂ ಕಳಿಸಿದೆ.

ನನ್ನ ದೊಡ್ಡಮ್ಮ ರಬ್ಬರ್ ಟ್ಯಾಪಿಂಗ್ ಮಾಡುವವರು. ಬೆಳಕು ಹರಿಯುವ ಮೊದಲೇ ತಲೆಗೆ ಲೈಟ್ ಕಟ್ಟಿಕೊಂಡು ತೋಟಕ್ಕೆ ಇಳಿಯಬೇಕು. ಅವರು ಎರಡು ದಿನ ಹೋಗಲಿಲ್ಲ. ಎರಡು ದಿನದ ಸಂಬಳ ಹೋಯ್ತು. ಮೂರನೇ ದಿನ ಗೊತ್ತಾಯ್ತು, ಅದು ಯಾರೋ ಎಐಯಲ್ಲಿ ಮಾಡಿದ ಚಿತ್ರ. ಆನೆಯೂ ಸುಳ್ಳು, ಸುದ್ದಿಯೂ ಸುಳ್ಳು. ಬರೆದ ನಾಲ್ಕು ಸಾಲಿನಲ್ಲಿ ಒಂದು ಅಕ್ಷರದೋಷ ಕೂಡ ಇರಲಿಲ್ಲ!

ಕಥೆ ಇಲ್ಲಿಗೆ ಮುಗಿದಿದ್ರೆ ನಾನು ಸಾರಿ ಹೇಳಿ ಸುಮ್ಮನಾಗ್ತಿದ್ದೆ. ಒಂದು ತಿಂಗಳ ನಂತರ ನಿಜವಾಗಿ ಆನೆ ಬಂತು. ಪಕ್ಕದ ಮನೆಯವರ ಬಾಳೆ ಮುರಿದು ಹಾಕಿತು. ಅರಣ್ಯ ಇಲಾಖೆಯವರು ಹೇಳಿದ್ದನ್ನು ನಾನು ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಇದೂ ನಿಮ್ಮ ಕಂಪ್ಯೂಟರ್ ಆನೆಯಾ?" ಹೇಳಿ ಫೋನ್ ಇಟ್ಟರು. ಮರುದಿನ ಬೆಳಿಗ್ಗೆ ಟ್ಯಾಪಿಂಗಿಗೆ ಹೋದರು. ಏನೂ ಆಗಲಿಲ್ಲ. ಆಗಬಹುದಿತ್ತು.

2023ರ ಫೆಬ್ರವರಿ 20 ನಿಮಗೆ ಮರೆತುಹೋಗಿರಲಿಕ್ಕಿಲ್ಲ. ನಮ್ಮ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಬೆಳ್ಳಂಬೆಳಿಗ್ಗೆ ಕಾಡಾನೆ ಇಬ್ಬರನ್ನು ಕೊಂದಿತು. ಒಬ್ಬರು ಹಾಲಿನ ಸೊಸೈಟಿಗೆ ಕೆಲಸಕ್ಕೆ ಹೊರಟಿದ್ದವರು, ನಮ್ಮದೇ ವಯಸ್ಸಿನ ಆಸುಪಾಸಿನವರು. ನಮ್ಮಲ್ಲಿ ಆನೆಯ ಸುದ್ದಿ ಟೈಂಪಾಸ್ ಸುದ್ದಿಯಲ್ಲ. ಬೆಳಿಗ್ಗೆ ಗೇಟು ದಾಟಬಹುದಾ ಬೇಡವಾ ಅಂತ ನಿರ್ಧಾರ ಆಗುವುದು ಅದರಿಂದ. ಆ ಸುದ್ದಿಯ ಮೇಲಿನ ನಂಬಿಕೆಯನ್ನು ಹಾಳು ಮಾಡಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ತಟಸ್ಥ ಅಂತ ಒತ್ತಿದ್ದು ತಪ್ಪು.

ಭಾಗ 3: ಜರ್ನಲ್ ಮತ್ತು ಲೆಡ್ಜರ್

ಬಿಕಾಂನವರು ಕೈ ಎತ್ತಿ. ಫಸ್ಟ್ ಸೆಮ್‌ನಲ್ಲಿ ಎಂತ ಕಲಿತದ್ದು? ವ್ಯವಹಾರ ನಡೆದ ಕೂಡಲೇ ಮೊದಲು ಬರೆಯುವುದು ಜರ್ನಲ್‌ನಲ್ಲಿ. ಅಲ್ಲಿಂದ ಲೆಡ್ಜರಿಗೆ ಪೋಸ್ಟಿಂಗ್, ಅಲ್ಲಿಂದ ಟ್ರಯಲ್ ಬ್ಯಾಲೆನ್ಸ್, ಅಲ್ಲಿಂದ ಫೈನಲ್ ಅಕೌಂಟ್ಸ್. ಮತ್ತೆ ಜರ್ನಲ್‌ನಲ್ಲಿ ಬರೆಯಬೇಕಿದ್ರೆ ಕೈಯಲ್ಲಿ ವೋಚರ್ ಬೇಕು. ಬಿಲ್ಲೋ ರಶೀದಿಯೋ ಎಂತಾದ್ರೂ. ವೋಚರ್ ಇಲ್ಲದ ಎಂಟ್ರಿ ಎಷ್ಟು ಚಂದದ ಅಕ್ಷರದಲ್ಲಿದ್ರೂ ಆಡಿಟರ್ ಒಪ್ಪುದಿಲ್ಲ.

ಪೋಸ್ಟಿಂಗ್‌ನಿಂದ ಹಿಡಿದು ಫೈನಲ್ ಅಕೌಂಟ್ಸ್ ತನಕ ಟ್ಯಾಲಿ ಸಾಫ್ಟ್‌ವೇರ್ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಾಡ್ತದೆ. ಆದರೆ ಅಂಗಡಿಗೆ ಎಷ್ಟು ಗೋಣಿ ಅಡಿಕೆ ಬಂತು ಅಂತ ಟ್ಯಾಲಿಗೆ ಗೊತ್ತಿಲ್ಲ. ತೂಕದ ಹತ್ತಿರ ನಿಂತು ನೋಡಿದವನು ಬರೆದರೆ ಮಾತ್ರ ಗೊತ್ತಾಗುವುದು.

ಜರ್ನಲಿಸಂ ಅನ್ನುವ ಪದದೊಳಗೂ ಇದೇ ಜರ್ನಲ್ ಉಂಟು. ಎರಡರ ಮೂಲವೂ 'ದಿನ' ಅನ್ನುವ ಅರ್ಥದ ಪದ. ಆ ದಿನ ನಡೆದದ್ದನ್ನು ಆ ದಿನವೇ, ನೋಡಿದವರು ಬರೆದಿಡುವುದು. ಎಐ ಮಾಡುವುದು ಲೆಡ್ಜರಿನ ಕೆಲಸ: ಬೇರೆಯವರು ಬರೆದಿಟ್ಟದ್ದನ್ನು ಒಟ್ಟು ಮಾಡುವುದು, ವಿಂಗಡಿಸುವುದು, ಸಾರಾಂಶ ಕೊಡುವುದು. ಅದನ್ನು ನಮಗಿಂತ ಬೇಗ ಮಾಡ್ತದೆ, ಒಪ್ಪಿದೆ. ಆದರೆ ಮೊದಲ ಎಂಟ್ರಿ ಮಾಡುವವರು ಯಾರು? ಸುಳ್ಯದ ಯಾವುದೋ ಮೂಲೆಯಲ್ಲಿ ಕಾಲುಸಂಕ ಮುರಿದರೆ ಮೊದಲು ಒಬ್ಬ ಮನುಷ್ಯ ಅಲ್ಲಿಗೆ ಹೋಗಬೇಕು.

"ವರದಿಗಾರರು ಬೇಡ, ಎಐ ಸಾಕು" ಅನ್ನುವವರು ಹೇಳ್ತಾ ಇರುವುದು ಇಷ್ಟೇ: ಜರ್ನಲ್ ಬೇಡ, ಲೆಡ್ಜರ್ ಸಾಕು. ಈ ಉತ್ತರ ಬರೆದರೆ ನಮ್ಮ ಅಕೌಂಟ್ಸ್ ಸರ್ ಎಷ್ಟು ಮಾರ್ಕ್ ಕೊಡ್ತಾರೆ, ನೀವೇ ಯೋಚನೆ ಮಾಡಿ.

ಭಾಗ 4: ಯಾರೂ ಬರೆಯದೇ ಇದ್ದದ್ದು

ಈ ಫೋಟೋದಲ್ಲಿರುವುದು ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕಿದ ಹಳೆಯ 'ಅಡಿಕೆ ಪತ್ರಿಕೆ'ಗಳು. 1988ರಲ್ಲಿ ನಮ್ಮ ಪುತ್ತೂರಿನಿಂದ ಶುರುವಾದ ತಿಂಗಳ ಪತ್ರಿಕೆ. ಅದರ ಧ್ಯೇಯ 'ಕೃಷಿಕರ ಕೈಗೆ ಲೇಖನಿ'. ತೋಟದಲ್ಲಿ ಮಾಡಿ ನೋಡಿದವರೇ ಬರೆಯಬೇಕು. ಲೇಖನದ ಕೊನೆಗೆ ಆ ಕೃಷಿಕರ ಫೋನ್ ನಂಬರ್ ಇರ್ತದೆ, ಸಂಶಯ ಇದ್ದರೆ ಫೋನ್ ಮಾಡಿ ಕೇಳಬಹುದು. ವೋಚರ್ ಅಂದ್ರೆ ಇದು!

ಅದರ ಸಂಪಾದಕತ್ವ ವಹಿಸಿದ ಶ್ರೀಪಡ್ರೆಯವರು ಸ್ವತಃ ಕೃಷಿಕರು, ಕಾಸರಗೋಡಿನ ಪಡ್ರೆ ಕಡೆಯವರು, ಪುತ್ತೂರಿನಿಂದ ದೂರವೇನಿಲ್ಲ. ಅಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರೀತಾ ಇದ್ದ ಕಾಲ. ಹಟ್ಟಿಯಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುವುದನ್ನು ನೋಡಿ ಅವರು 1981ರಲ್ಲೇ ಬರೆದರು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ತಡೆ ಹಾಕಿದ್ದು 2011ರಲ್ಲಿ. ನಡುವೆ ಮೂವತ್ತು ವರ್ಷ. ಆ ವಿಷ ನಮ್ಮ ಜಿಲ್ಲೆಯನ್ನೂ ಬಿಡಲಿಲ್ಲ. ಕೊಕ್ಕಡದಲ್ಲಿ, ನಮ್ಮ ಕೊಯಿಲದಲ್ಲಿ ಸಂತ್ರಸ್ತ ಮಕ್ಕಳಿಗೆ ಪಾಲನಾ ಕೇಂದ್ರ ಮಾಡಬೇಕಾಗಿ ಬಂತು. ನಾವು ದಿನಾ ಬಸ್ಸಿನಲ್ಲಿ ಓಡಾಡುವ ಊರುಗಳು ಇವು.

ಈಗ ಒಂದು ಲೆಕ್ಕ ಹಾಕಿ. 1981ರಲ್ಲಿ ಇವತ್ತಿನ ಎಐ ಇತ್ತು ಅಂತ ಇಟ್ಟುಕೊಳ್ಳುವ. "ಎಂಡೋಸಲ್ಫಾನ್ ಸುರಕ್ಷಿತವಾ?" ಅಂತ ಕೇಳಿದ್ರೆ ಅದು ಎಂತ ಓದಿ ಉತ್ತರ ಹೇಳ್ತಿತ್ತು? ಕಂಪನಿಯ ಡಬ್ಬಿಯ ಮೇಲೆ ಬರೆದದ್ದು, ಇಲಾಖೆಯ ಫೈಲು, ಜಾಹೀರಾತು. ಆಗ ಬರಹದಲ್ಲಿ ಇದ್ದದ್ದು ಅದೇ. ಹಟ್ಟಿಯಲ್ಲಿದ್ದ ಕರು ಯಾವ ಬರಹದಲ್ಲೂ ಇರಲಿಲ್ಲ. ಎಐ ಸುಳ್ಳು ಹೇಳಬೇಕು ಅಂತ ಇರಲಿಲ್ಲ, ಪ್ರಾಮಾಣಿಕವಾಗಿಯೇ ತಪ್ಪು ಹೇಳ್ತಿತ್ತು.

ಸುದ್ದಿ ಅಂದ್ರೆ ಇದುವರೆಗೆ ಯಾರೂ ಬರೆಯದೇ ಇದ್ದದ್ದು. ಯಂತ್ರ ಓದುವುದು ಯಾರೋ ಬರೆದದ್ದನ್ನು. ಈ ಒಂದು ವ್ಯತ್ಯಾಸ ನಿಮ್ಮ ತಲೆಯಲ್ಲಿ ಉಳಿದರೆ ಸಾಕು, ಉಳಿದ ಭಾಗ ಓದದಿದ್ರೂ ಬೇಜಾರಿಲ್ಲ.

ಭಾಗ 5: "ವರದಿಗಾರರು ಮಾತ್ರ ಸಾಚಾಗಳಾ?"

ಮೂರನೇ ಭಾಗ ಹಾಕಿದ ಕೂಡಲೇ ಡಿಎಂನಲ್ಲಿ ಬಂದ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಒಂದು ಜಗಳ ಆದ್ರೆ ಮೊದಲು ಎರಡೂ ಕಡೆಯವರ ಜಾತಿ, ಧರ್ಮ ಹುಡುಕುವ ಪೇಜುಗಳನ್ನು ನಾನೂ ನೋಡಿದ್ದೇನೆ. ಸ್ಥಳಕ್ಕೆ ಹೋಗದೆ ಫೋನಿನಲ್ಲೇ ವರದಿ ಬರೆಯುವವರೂ ಇದ್ದಾರೆ. ಅವರನ್ನು ನಾನು ಸಮರ್ಥನೆ ಮಾಡುದಿಲ್ಲ. ಹೋಗದೆ ಬರೆಯುವ ಮನುಷ್ಯನಿಗೂ ಯಂತ್ರಕ್ಕೂ ಎಂತ ವ್ಯತ್ಯಾಸ?

ಆದರೆ ಒಂದು ವ್ಯತ್ಯಾಸ ಉಂಟು. ಮನುಷ್ಯ ತಪ್ಪು ಬರೆದರೆ ಅವನ ಹೆಸರು ಗೊತ್ತುಂಟು, ಮನೆ ಗೊತ್ತುಂಟು, ಪೇಟೆಯಲ್ಲಿ ಸಿಗ್ತಾನೆ. ಆಫೀಸಿಗೆ ಹೋಗಿ "ಎಂತ ಮಾರಾಯ, ಹೀಗೆ ಬರ್ದಿದ್ದಿ?" ಅಂತ ಕೇಳಬಹುದು. ತಿದ್ದುಪಡಿ ಹಾಕಿಸಬಹುದು, ಕೇಸು ಹಾಕಬಹುದು. ನನಗೆ ಆನೆ ಕಳಿಸಿದವನನ್ನು ನಾನು ಎಲ್ಲಿ ಹುಡುಕಲಿ?

ಮತ್ತೆ ಪಕ್ಷಪಾತದ ವಿಷಯ. ಎಐ ಕಲಿತದ್ದು ನಾವೇ ಬರೆದದ್ದರಿಂದ. ನಮ್ಮ ಪಕ್ಷಪಾತವನ್ನೇ ಇಸ್ತ್ರಿ ಹಾಕಿ, ಮಡಚಿ, ನಮಗೇ ವಾಪಸ್ ಕೊಡ್ತದೆ. ಸುಕ್ಕು ಕಾಣುದಿಲ್ಲ ಅಂತ ಬಟ್ಟೆ ತೊಳೆದಾಗಿದೆ ಅಂದುಕೊಳ್ಳಬೇಡಿ.

ನಾನು ಯಂತ್ರದ ವಿರೋಧಿ ಕೂಡ ಅಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು ಕಲ್ಲಚ್ಚಿನಲ್ಲಿ, ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ತಂದದ್ದು. ಆ ಕಾಲಕ್ಕೆ ನಮ್ಮ ಊರಿಗೆ ಕಲ್ಲಚ್ಚೇ ಹೊಸ ಯಂತ್ರ. ಅಮೆರಿಕದ 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆಯಲ್ಲಿ ಕ್ವೇಕ್‌ಬಾಟ್ ಅಂತ ಒಂದು ಪ್ರೋಗ್ರಾಂ ಉಂಟು. 2014ರಲ್ಲಿ ಭೂಕಂಪ ಆದ ಮೂರೇ ನಿಮಿಷದಲ್ಲಿ ಅದು ಸುದ್ದಿ ಹಾಕಿತ್ತು. ಒಳ್ಳೆಯದೇ. ಅದೇ ಕ್ವೇಕ್‌ಬಾಟ್ 2017ರಲ್ಲಿ 6.8 ತೀವ್ರತೆಯ ಭೂಕಂಪ ಆಯ್ತು ಅಂತ ಹಾಕಿತು. ಆ ಭೂಕಂಪ ಆದದ್ದು 1925ರಲ್ಲಿ! ದಾಖಲೆಯಲ್ಲಿ ಬಂದ ತಪ್ಪನ್ನು ಅದು ಹಾಗೆಯೇ ಸುದ್ದಿ ಮಾಡಿತ್ತು. ಕಿಟಕಿಯಿಂದ ಹೊರಗೆ ನೋಡಿದ ಯಾವ ಮನುಷ್ಯನೂ ಆ ತಪ್ಪು ಮಾಡ್ತಿರಲಿಲ್ಲ.

2022ರ ಜೂನ್ ಕೊನೆಗೆ ಸುಳ್ಯ, ಸಂಪಾಜೆ, ಚೆಂಬು ಕಡೆ ಭೂಮಿ ನಡುಗಿತಲ್ಲ? ತೀವ್ರತೆ 3.0 ಅಂತ ಯಂತ್ರ ಹೇಳಬಹುದು. ಯಾರ ಮನೆಯ ಗೋಡೆ ಬಿರುಕು ಬಿಟ್ಟಿತು, ಯಾರು ರಾತ್ರಿ ಅಂಗಳದಲ್ಲಿ ಕೂತರು ಅಂತ ಹೇಳಲಿಕ್ಕೆ ಯಾರಾದ್ರೂ ಅಂಗಳಕ್ಕೆ ಹೋಗಬೇಕು.

ಭಾಗ 6: ಅಡಿಕೆ ರೇಟು

ನೀವೇ ಮಾಡಿ ನೋಡುವ ಒಂದು ಪರೀಕ್ಷೆ. ನಾನು ಒಂದು ಎಐ ಹತ್ತಿರ ಕನ್ನಡದಲ್ಲಿ ಕೇಳಿದೆ: "ಇವತ್ತು ಪುತ್ತೂರಿನಲ್ಲಿ ಹೊಸ ಅಡಿಕೆಗೆ ಎಷ್ಟು?" ಕೂಡಲೇ ಉತ್ತರ ಬಂತು. ಚಂದದ ಟೇಬಲ್, ಕನಿಷ್ಠ, ಗರಿಷ್ಠ, ಸರಾಸರಿ. ಅಪ್ಪನಿಗೆ ತೋರಿಸಿದೆ. ಅಪ್ಪ ಅರ್ಧ ನಿಮಿಷ ನೋಡಿ ನಗಾಡಿದ್ರು. "ಇದು ರಾಶಿ ಅಡಿಕೆಯ ರೇಟು. ಶಿವಮೊಗ್ಗದ್ದು. ನಮ್ಮದು ಚಾಲಿ."

ಘಟ್ಟದ ಮೇಲೆ ಬೇಯಿಸಿ ಮಾಡುವ ಕೆಂಪಡಿಕೆಯೇ ಬೇರೆ, ನಾವು ಅಂಗಳದಲ್ಲಿ ಒಣಗಿಸಿ ಸುಲಿಯುವ ಚಾಲಿಯೇ ಬೇರೆ, ರೇಟೂ ಬೇರೆ. ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಆ ಟೇಬಲ್ ನೋಡಿ ಯಾರಾದ್ರೂ ಅಡಿಕೆಯನ್ನು ಇಟ್ಟುಕೊಂಡರೆ ಅಥವಾ ಮಾರಿದರೆ ನಷ್ಟ ತುಂಬುವವರು ಯಾರು? ನಮ್ಮಲ್ಲಿ ಅರ್ಧದಷ್ಟು ಜನರ ಕಾಲೇಜು ಫೀಸು ಬರುವುದು ಆ ಅಂಗಳದಿಂದಲೇ.

ಇದು ನನ್ನೊಬ್ಬಳ ಅನುಭವ ಅನ್ನಬೇಡಿ. 2025ರ ಅಕ್ಟೋಬರಿನಲ್ಲಿ ಬಿಬಿಸಿ ಮತ್ತು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಸೇರಿ ಒಂದು ಅಧ್ಯಯನ ಹೊರಗೆ ತಂದವು. 18 ದೇಶಗಳ 22 ಮಾಧ್ಯಮ ಸಂಸ್ಥೆಗಳು, 14 ಭಾಷೆಗಳು. ಸುದ್ದಿಯ ಬಗ್ಗೆ ಎಐ ಕೊಟ್ಟ ಉತ್ತರಗಳಲ್ಲಿ 45 ಶೇಕಡಾದಲ್ಲಿ ಒಂದಾದರೂ ದೊಡ್ಡ ದೋಷ ಇತ್ತು. ಆ 14 ಭಾಷೆಗಳಲ್ಲಿ ಕನ್ನಡ ಇಲ್ಲ. ಇಂಗ್ಲಿಷ್, ಫ್ರೆಂಚ್, ಜರ್ಮನ್‌ನಂತಹ ಬೇಕಾದಷ್ಟು ಬರಹ ಇರುವ ಭಾಷೆಗಳು ಸೇರಿದ ಪಟ್ಟಿಯಲ್ಲೇ ಹೀಗಾದರೆ ನಮ್ಮ ಭಾಷೆಯ ಗತಿ ಎಂತ? ತುಳು, ಅರೆಭಾಷೆ, ಬ್ಯಾರಿ ಮಾತಾಡುವವರ ಮಾತು ಅದಕ್ಕೆ ಎಷ್ಟು ತಲುಪಿರಬಹುದು?

ಇನ್ನೊಂದು ಕೇಳಿ. ಜರ್ಮನಿಯಲ್ಲಿ ಒಬ್ಬರು ವರ್ಷಗಟ್ಟಲೆ ಕೋರ್ಟ್ ವರದಿ ಮಾಡಿದವರು. 2024ರಲ್ಲಿ ಮೈಕ್ರೋಸಾಫ್ಟಿನ ಕೋಪೈಲಟ್‌ನಲ್ಲಿ ತನ್ನದೇ ಹೆಸರು ಹಾಕಿ ನೋಡಿದ್ರು. ಅವರು ಯಾವ ಅಪರಾಧಗಳ ಬಗ್ಗೆ ವರದಿ ಬರೆದಿದ್ದರೋ ಅದನ್ನೆಲ್ಲ ಮಾಡಿದ್ದು ಅವರೇ ಅಂತ ಬಂತು! ಡೆಬಿಟ್ ಸೈಡಿನದ್ದನ್ನು ಕ್ರೆಡಿಟ್ ಸೈಡಿಗೆ ಪೋಸ್ಟ್ ಮಾಡಿದ ಹಾಗೆ. ನಮ್ಮ ಪೇಪರಿನಲ್ಲಾದರೆ ಎರಡು ಮಾರ್ಕ್ ಹೋಗ್ತದೆ. ಅಲ್ಲಿ ಒಬ್ಬ ಮನುಷ್ಯನ ಮರ್ಯಾದೆ ಹೋಯ್ತು.

ಭಾಗ 7: ಖರ್ಚು ಯಾರದ್ದು?

ಈಗ ನಿಜವಾದ ವಿಷಯಕ್ಕೆ ಬರುವ. ದುಡ್ಡು.

2023ರ ಜುಲೈಯಲ್ಲಿ ಪವರ್ ಟಿವಿಯವರು 'ಸೌಂದರ್ಯ' ಅನ್ನುವ ಎಐ ನಿರೂಪಕಿಯನ್ನು ತಂದರು, ನಾವೆಲ್ಲ ಶೇರ್ ಮಾಡಿ "ಸೂಪರ್" ಅಂದೆವು. ಆಕೆಗೆ ಸಂಬಳ ಬೇಡ, ರಜೆ ಬೇಡ, ಪಿಎಫ್ ಬೇಡ. ಕಾಸ್ಟ್ ಅಕೌಂಟಿಂಗ್ ಕಲಿತ ನಮಗೆ ಇದು ಲಾಭ ಅಂತಲೇ ಕಾಣ್ತದೆ. ಆದರೆ ಆಕೆ ಓದುವ ಸುದ್ದಿಯನ್ನು ಯಾರೋ ಮಳೆಯಲ್ಲಿ ನೆನೆದು ತಂದಿರಬೇಕು. ಆ ನೆನೆದವರ ಖರ್ಚು ಯಾವ ಖಾತೆಗೆ?

ನಮ್ಮ ತಾಲೂಕುಗಳಲ್ಲಿ ವರದಿ ಮಾಡುವವರನ್ನು ನೋಡಿದ್ದೀರಾ? ಹಲವರಿಗೆ ಅದೊಂದೇ ಕೆಲಸ ಅಲ್ಲ. ತೋಟ ಉಂಟು, ಅಂಗಡಿ ಉಂಟು, ಅದರ ನಡುವೆ ಬೈಕಿಗೆ ತಮ್ಮದೇ ಪೆಟ್ರೋಲ್ ಹಾಕಿ ಗ್ರಾಮಸಭೆಗೆ ಹೋಗ್ತಾರೆ. ಅವರು ಬರೆದದ್ದನ್ನು ಯಂತ್ರ ಓದ್ತದೆ, ಕಂಪನಿ ಮಾರ್ತದೆ. ಇದೇ ತಕರಾರಿನಲ್ಲಿ ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿಗೆ ಹೋಯ್ತು. ದೊಡ್ಡವರಿಗೆ ವಕೀಲರಿದ್ದಾರೆ. ಕಡಬದ ಬೈಕಿನವರಿಗೆ ಯಾರಿದ್ದಾರೆ?

ಮತ್ತೆ ನಾವು? 1984ರಲ್ಲಿ ಮಂಗಳೂರಿನಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು 'ಮುಂಗಾರು' ದಿನಪತ್ರಿಕೆ ಶುರು ಮಾಡಿದಾಗ ಅವರ ಕಲ್ಪನೆ 'ಓದುಗರ ಒಡೆತನದ ಪತ್ರಿಕೆ'. ಧಣಿಯ ದುಡ್ಡು ಬೇಡ, ಓದುವವರೇ ಹಣ ಹಾಕಲಿ ಅಂತ. ಆ ಪತ್ರಿಕೆ ಬಹಳ ಕಾಲ ಬಾಳಲಿಲ್ಲ. ಆದರೆ ಸುದ್ದಿಗೆ ಖರ್ಚುಂಟು, ಅದನ್ನು ಓದುವವರು ಕೊಡದಿದ್ರೆ ಬೇರೆ ಯಾರೋ ಕೊಡ್ತಾರೆ, ಕೊಟ್ಟವರ ಮಾತೇ ನಡೀತದೆ ಅನ್ನುವ ಲೆಕ್ಕ ನಮ್ಮ ಜಿಲ್ಲೆಯವರಿಗೆ ಆಗಲೇ ಗೊತ್ತಿತ್ತು. ನನ್ನ ಒಂದು ತಿಂಗಳ ಮೊಬೈಲ್ ರೀಚಾರ್ಜಿಗಿಂತ ಮನೆಯ ಪೇಪರ್ ಬಿಲ್ಲು ಕಡಿಮೆ. ರೀಚಾರ್ಜು ಒಂದು ದಿನ ತಡ ಆಗುದಿಲ್ಲ. ಪೇಪರನ್ನು ಮಾತ್ರ "ಎಲ್ಲ ಫೋನಿನಲ್ಲೇ ಬರ್ತದಲ್ಲ" ಅಂತ ನಿಲ್ಲಿಸಿದವಳು ನಾನೇ.

ಭಾಗ 8: ಫಾರ್ಮಿಗೆ ನನ್ನ ಉತ್ತರ

"ಮುಂದೆ ವರದಿಗಾರರ ಅಗತ್ಯ ಇರುವುದಿಲ್ಲ." ಬಲವಾಗಿ ವಿರೋಧಿಸುತ್ತೇನೆ.

ಪತ್ರಿಕೆಯವರು ಎಐ ಬಳಸಲಿ. ಅಕ್ಷರ ತಿದ್ದಲಿ, ಅನುವಾದ ಮಾಡಲಿ, ಪಂಚಾಯತಿನ ಬಜೆಟ್ಟಿನ ನೂರು ಪುಟದಲ್ಲಿ ಲೆಕ್ಕ ಹುಡುಕಲಿ. ಆದರೆ ಎಲ್ಲಿ ಬಳಸಿದ್ದಾರೆ ಅಂತ ಅದೇ ಸುದ್ದಿಯ ಕೆಳಗೆ ಬರೆಯಲಿ. ಪ್ರತಿ ಸುದ್ದಿಗೆ ಒಂದು ಹೆಸರು ಇರಲಿ, ತಪ್ಪಾದರೆ ಉತ್ತರ ಕೊಡುವ ಮನುಷ್ಯನ ಹೆಸರು. ಎಐಯಲ್ಲಿ ಮಾಡಿದ ಚಿತ್ರವನ್ನು ಘಟನೆಯ ಫೋಟೋದ ಜಾಗದಲ್ಲಿ ಹಾಕುವುದೇ ಬೇಡ. 'ಸಾಂದರ್ಭಿಕ ಚಿತ್ರ' ಅಂತ ಸಣ್ಣ ಅಕ್ಷರದಲ್ಲಿ ಬರೆದರೂ ಬೇಡ. ದೊಡ್ಡಮ್ಮ ಸಣ್ಣ ಅಕ್ಷರ ಓದುದಿಲ್ಲ.

ನಮ್ಮ ಪಾಲಿನದ್ದೂ ಉಂಟು. ಸ್ಟೋರಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ಹೋಗಿ ನೋಡಿದ್ದು ಯಾರು? ಉತ್ತರ ಸಿಗದಿದ್ರೆ ಹಾಕಬೇಡಿ. ಹತ್ತು ನಿಮಿಷ ತಡವಾಗಿ ಶೇರ್ ಮಾಡಿದ್ರೆ ಯಾರಿಗೂ ಎಂತ ನಷ್ಟ ಇಲ್ಲ. ನಿಮ್ಮ ಊರಿನ ಸುದ್ದಿ ತರುವ ಒಂದು ಪತ್ರಿಕೆಗಾದರೂ ದುಡ್ಡು ಕೊಡಿ, ಯಾವುದು ಅಂತ ನೀವೇ ಆರಿಸಿ. ಅವರು ಹೋಗದೆ ಬರೆದರೆ ದುಡ್ಡು ಕೊಟ್ಟ ಹಕ್ಕಿನಿಂದ ಜಗಳ ಮಾಡಿ.

ನಾನು ಮೊನ್ನೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಎರಡು ದಿನದ ಸಂಬಳದ ಲೆಕ್ಕ ಹಾಕಿ ದುಡ್ಡು ಕೊಡಲಿಕ್ಕೆ ಹೋದರೆ ತೆಗೆದುಕೊಳ್ಳಲಿಲ್ಲ. "ದುಡ್ಡು ಬೇಡ. ಇನ್ನು ಆನೆ ಬಂದ್ರೆ ನೀನು ಅರಣ್ಯದವರಿಗೆ ಫೋನ್ ಮಾಡಿ ಕೇಳಿ, ಆಮೇಲೆ ನನಗೆ ಹೇಳು. ನೀನು ಹೇಳಿದ್ರೆ ನಂಬ್ತೇನೆ" ಅಂದ್ರು. ಈಗ ವಲಯ ಅರಣ್ಯ ಕಚೇರಿಯ ನಂಬರ್ ನನ್ನ ಫೋನಿನಲ್ಲಿ ಸೇವ್ ಉಂಟು. ನೀವೂ ನಿಮ್ಮ ಕಡೆಯದ್ದು ಸೇವ್ ಮಾಡಿಕೊಳ್ಳಿ, ಇವತ್ತೇ.

ಕೊನೆಗೆ ಒಂದು ಕೆಲಸ. ನಿಮ್ಮ ಊರಿನಲ್ಲಿ ಇದುವರೆಗೆ ಯಾರೂ ಬರೆಯದ ಒಂದು ವಿಷಯವನ್ನು ಕೆಳಗೆ ಬರೆಯಿರಿ. ಮುರಿದ ಕಾಲುಸಂಕ, ಬಾರದ ಬಸ್ಸು, ಬತ್ತಿದ ಬಾವಿ, ಯಾವುದಾದ್ರೂ ಆಗ್ತದೆ. ನೀವೇ ಹೋಗಿ ನೋಡಿರಬೇಕು. ನಿಮ್ಮ ಮಾತಿನಲ್ಲಿ ಬರೆಯಿರಿ, ತಪ್ಪಿದ್ರೂ ತೊಂದರೆ ಇಲ್ಲ. ಎಐ ಹತ್ತಿರ ಬರೆಸಬೇಡಿ, ಅದಕ್ಕೆ ನಿಮ್ಮ ಊರಿನ ದಾರಿ ಗೊತ್ತಿಲ್ಲ.

#ಪುತ್ತೂರು #ಸುಳ್ಯ #ಕಡಬ #ಹೋಗಿ_ನೋಡಿದ್ದು_ಯಾರು